ಕರೆಂಟ್ ಉಳಿಸೋ ಫ್ಯಾನ್, ಬಲ್ಬಿಗೆ ನಮ್ಮ ಕಡೆ ರಿಯಾಯಿತಿ ಏನಾದ್ರೂ ಇದೆಯಾ?

ಬೆಣ್ಣೆದೋಸೆ ಊರಿನವಳು:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಪ್ರಶ್ನೆ ಸಣ್ಣದು, ಕಥೆ ಸ್ವಲ್ಪ ಉದ್ದ. ಬೈಕೋಬೇಡಿ.

ನಮ್ಮ ಮನೆಗೆ ಗೃಹಜ್ಯೋತಿ ಇದೆ. 2022-23ರಲ್ಲಿ ನಮ್ಮ ಸರಾಸರಿ ತಿಂಗಳಿಗೆ 162 ಯೂನಿಟ್ ಇತ್ತಂತೆ. ಅದಕ್ಕೆ ಶೇ 10 ಸೇರಿಸಿ 178 ಯೂನಿಟ್‌ವರೆಗೆ ಉಚಿತ ಅಂತ ಲೆಕ್ಕ ಹಾಕಿದ್ದಾರೆ. 2023ರ ಆಗಸ್ಟಿನಿಂದ ಹೆಚ್ಚಿನ ತಿಂಗಳು ಸೊನ್ನೆ ಬಿಲ್ಲೇ. ಒಮ್ಮೊಮ್ಮೆ 185, 190 ಆದರೆ ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು. ಅದು ಐವತ್ತೋ ಎಂಬತ್ತೋ ರೂಪಾಯಿ. ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಈ ಸಲ, 2025ರ ಮೇ ತಿಂಗಳ ಬಿಲ್ಲಿನಲ್ಲಿ 214 ಬಂತು. 200 ದಾಟಿದರೆ ಉಚಿತ ಅನ್ನೋದೇ ಇಲ್ಲ, ಮೊದಲನೇ ಯೂನಿಟ್‌ನಿಂದ ಕಟ್ಟಬೇಕು. 1,800ರ ಮೇಲೆ ಬಂತು. ಬಿಲ್ ಚೀಟಿ ನೋಡಿ ನಮ್ಮ ಅತ್ತೆ "ಪಕ್ಕದ ಮನೆಯೋರದ್ದು ನಮಗೆ ಕೊಟ್ಟು ಹೋಗಿದಾನೆ" ಅಂದರು. ಪಕ್ಕದ ಮನೆಯವರದ್ದು 96 ಯೂನಿಟ್. ವಿಚಾರಿಸಿದ್ದು ಸುಮ್ನೆ ಅವಮಾನ ಆಯ್ತು.

ಕಾರಣ ನನಗೆ ಗೊತ್ತಿದೆ. ಮಗ ಹಾಸ್ಟೆಲಿನಿಂದ ಬಂದಿದ್ದ. ಅವನ ರೂಮಿನ ಫ್ಯಾನ್, ಹಾಲಿನ ಫ್ಯಾನ್, ನಮ್ಮ ರೂಮಿನದ್ದು, ಮೂರೂ ಹೆಚ್ಚು ಕಡಿಮೆ ನಿಲ್ಲುವುದೇ ಇಲ್ಲ. ಮಧ್ಯಾಹ್ನ ಕೂಲರ್. ನಮ್ಮೂರಿನ ಮೇ ಬಿಸಿಲು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಫ್ಯಾನುಗಳೆಲ್ಲ ಮನೆ ಕಟ್ಟಿದಾಗ, ಅಂದರೆ 2008ರಲ್ಲಿ ಹಾಕಿಸಿದ್ದು. ಫ್ರಿಡ್ಜೂ ಆಗಿನದ್ದೇ, ಒಂದೇ ಬಾಗಿಲಿನದ್ದು.

ಇನ್ನೊಂದು ಹೇಳಿಬಿಡುತ್ತೇನೆ, ನಗಬೇಡಿ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಒಂದು ಲಿಂಕ್ ಬಂತು. "ಸರ್ಕಾರದಿಂದ ಅರ್ಧ ಬೆಲೆಗೆ ಐದು ಸ್ಟಾರ್ ಫ್ರಿಡ್ಜ್ ಮತ್ತು ಫ್ಯಾನ್, ನೋಂದಣಿಗೆ 99 ರೂಪಾಯಿ" ಅಂತ. ಕಟ್ಟಿಬಿಟ್ಟೆ. ಆಮೇಲೆ ಆ ಪುಟವೇ ತೆರೆಯಲಿಲ್ಲ. 99 ಹೋದದ್ದಕ್ಕಿಂತ ಗಂಡನಿಗೆ ಹೇಗೆ ಹೇಳೋದು ಅನ್ನೋದೇ ದೊಡ್ಡದಾಯ್ತು. ಇನ್ನೂ ಹೇಳಿಲ್ಲ.

ಆದರೆ ದೆಹಲಿಯಲ್ಲಿರುವ ನಮ್ಮ ಭಾವ ಫೋನಿನಲ್ಲಿ ಹೇಳಿದರು, ಅಲ್ಲಿ ಕರೆಂಟ್ ಕಂಪನಿಯವರೇ ಹಳೇ ಎಸಿ ತೆಗೆದುಕೊಂಡು ಹೊಸದನ್ನು ರಿಯಾಯಿತಿಯಲ್ಲಿ ಕೊಡುತ್ತಾರಂತೆ. ಹಾಗಾದರೆ ಪೂರ್ತಿ ಸುಳ್ಳಲ್ಲ, ಅಲ್ವಾ?

ನನ್ನ ಪ್ರಶ್ನೆ ಇಷ್ಟು. ಬೆಸ್ಕಾಂ ಕಡೆಯಿಂದ ಫ್ಯಾನ್, ಫ್ರಿಡ್ಜ್, ಎಲ್‌ಇಡಿ ಯಾವುದಕ್ಕಾದರೂ ರಿಯಾಯಿತಿ ಇದೆಯಾ? ಇಲ್ಲ ಅಂದರೆ, ನನ್ನ ಹತ್ತಿರ ಸದ್ಯಕ್ಕೆ 6,000 ರೂಪಾಯಿ ಇದೆ. ಮೊದಲು ಏನನ್ನು ಬದಲಿಸಲಿ?

ತುಮಕೂರು ವೈರ್‌ಮನ್:

ಅಕ್ಕಾ, ಆ ಲಿಂಕು ಪಕ್ಕಾ ಮೋಸ. ನಿಮ್ಮೊಬ್ಬರಿಗೇ ಅಲ್ಲ, ನನ್ನ ಗಿರಾಕಿಗಳಲ್ಲಿ ಇಬ್ಬರು ಕಟ್ಟಿದ್ದಾರೆ. ಬ್ಯಾಂಕ್ ಪಿನ್ ಎಲ್ಲೂ ಒತ್ತಿಲ್ಲ ತಾನೇ? ಅದೊಂದು ನೋಡಿಕೊಳ್ಳಿ. 1930ಕ್ಕೆ ಫೋನ್ ಮಾಡಿ ದೂರು ಕೊಡಬಹುದು.

ರಿಯಾಯಿತಿ ವಿಚಾರ. ಫ್ಯಾನ್ ಕೊಂಡೆ, ಫ್ರಿಡ್ಜ್ ಕೊಂಡೆ ಅಂತ ಬಿಲ್ಲಿನಲ್ಲಿ ಕಡಿಮೆ ಮಾಡುವ ಸಾಲು ನಮ್ಮ ದರಪಟ್ಟಿಯಲ್ಲಿ ಇಲ್ಲ. ಮನೆಗಳಿಗೆ ಇರುವುದು ಸೋಲಾರ್ ವಾಟರ್ ಹೀಟರಿನದ್ದು. ಯೂನಿಟ್‌ಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ.

ಆದರೆ ನಿಮ್ಮ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿ. 2025-26ರ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಕರೆಂಟ್ ಕಂಪನಿ ನೌಕರರ ಪಿಂಚಣಿ ಬಾಬ್ತು 36 ಪೈಸೆ. ಮೇಲೆ ಶೇ 9 ತೆರಿಗೆ. ಎಲ್ಲ ಸೇರಿ ಒಂದು ಯೂನಿಟ್ ಸುಮಾರು 6 ರೂಪಾಯಿ 70 ಪೈಸೆಗೆ ಬೀಳುತ್ತದೆ. ನಿಗದಿತ ಶುಲ್ಕ ಮನೆಗೆ ಮಂಜೂರಾದ ಪ್ರತಿ ಕಿಲೋವ್ಯಾಟ್‌ಗೆ 145, ಅದು ಬೇರೆ. ಈಗ ನೀವು 214ರ ಬದಲು 198ರಲ್ಲಿ ನಿಂತಿದ್ದರೆ? 178ರ ಮೇಲಿನ 20 ಯೂನಿಟ್‌ಗೆ 130-140 ಕಟ್ಟುತ್ತಿದ್ದಿರಿ. ಅಂದರೆ 16 ಯೂನಿಟ್ ನಿಮಗೆ 1,700 ರೂಪಾಯಿ ತಿಂದಿದೆ. ಇದಕ್ಕಿಂತ ದೊಡ್ಡ ರಿಯಾಯಿತಿ ಯಾವ ಕಂಪನಿ ಕೊಡುತ್ತೆ ಹೇಳಿ. ನಿಮಗೆ ಉಳಿಯಬೇಕಾದದ್ದು ಬರೀ ಹದಿನಾರು ಯೂನಿಟ್. ಅದೂ ಏಪ್ರಿಲ್, ಮೇನಲ್ಲಿ ಮಾತ್ರ.

ಅದಕ್ಕೆ ಅಂಗಡಿಗೆ ಹೋಗುವ ಮೊದಲು ಅಳತೆ ಮಾಡಿ. ಯಂತ್ರ ಬೇಡ. ನಿಮ್ಮ ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ, ನೋಡಿದ್ದೀರಾ? ಪಕ್ಕದಲ್ಲಿ 3200 ಅಂತಲೋ 1600 ಅಂತಲೋ ಬರೆದಿರುತ್ತದೆ. 3200 ಇದ್ದರೆ, ದೀಪ 3200 ಸಲ ಮಿನುಗಿದರೆ ಒಂದು ಯೂನಿಟ್ ಅಂತ. ಮನೆಯ ಎಲ್ಲ ಸ್ವಿಚ್ ಆರಿಸಿ. ಫ್ರಿಡ್ಜ್ ಪ್ಲಗ್ ಕಿತ್ತಿಡಿ. ಯುಪಿಎಸ್ ಮರೆಯಬೇಡಿ, ಅದು ಬ್ಯಾಟರಿ ಚಾರ್ಜ್ ಮಾಡಿಕೊಳ್ಳುತ್ತಾ ಲೆಕ್ಕ ಕೆಡಿಸುತ್ತದೆ. ಆಮೇಲೆ ಒಂದು ಫ್ಯಾನ್ ಮಾತ್ರ ಪೂರ್ತಿ ಸ್ಪೀಡಿನಲ್ಲಿ ಹಾಕಿ ಹತ್ತು ನಿಮಿಷ ಎಣಿಸಿ. 40 ಸಲ ಮಿನುಗಿದರೆ ಫ್ಯಾನ್ 75 ವ್ಯಾಟ್. ಬಿಎಲ್‌ಡಿಸಿ ಅಂತ ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟರಿನ ಫ್ಯಾನ್ ಬರುತ್ತದಲ್ಲ, ಅದಾದರೆ 15ರಿಂದ 18 ಸಲ ಬರುತ್ತದೆ, ಅಂದರೆ 28ರಿಂದ 34 ವ್ಯಾಟ್.

ಬಲ್ಬುಗಳನ್ನು ಎಲ್‌ಇಡಿ ಮಾಡಿದ್ದೀರಾ? ಚೋಕ್ ಇರುವ ಹಳೇ ಟ್ಯೂಬ್‌ಲೈಟ್ ಇದ್ದರೆ ತೆಗೆಸಿ. ಟ್ಯೂಬಿನ ಮೇಲೆ 36 ವ್ಯಾಟ್ ಅಂತ ಬರೆದಿದ್ದರೂ ಚೋಕ್ ಸೇರಿ 50ರ ಹತ್ತಿರ ಎಳೆಯುತ್ತದೆ. 20 ವ್ಯಾಟ್ ಎಲ್‌ಇಡಿ ಪಟ್ಟಿ ಇನ್ನೂರು ಚಿಲ್ಲರೆ. ಆದರೆ ದಿನಕ್ಕೆ ಐದು ಗಂಟೆ ಉರಿಯುವ ಟ್ಯೂಬಿನಲ್ಲಿ ತಿಂಗಳಿಗೆ ಉಳಿಯುವುದು ನಾಲ್ಕೈದು ಯೂನಿಟ್. ದೊಡ್ಡ ಮೀನು ಅದಲ್ಲ. ಹದಿನಾರು ಗಂಟೆ ತಿರುಗುವ ಹಾಲಿನ ಫ್ಯಾನ್ ಒಂದನ್ನು ಬದಲಿಸಿದರೆ ತಿಂಗಳಿಗೆ 20 ಯೂನಿಟ್ ಉಳಿತಾಯ.

ಒಂದು ಎಚ್ಚರಿಕೆ. ಬಿಎಲ್‌ಡಿಸಿ ಫ್ಯಾನ್ ಹಾಕಿಸುವಾಗ ಗೋಡೆಯ ಹಳೇ ರೆಗ್ಯುಲೇಟರ್ ತೆಗೆಸಿ ನೇರ ಸ್ವಿಚ್‌ಗೆ ಕೊಡಿಸಬೇಕು. ಅದನ್ನು ಬಿಟ್ಟು ಫ್ಯಾನ್ ಕೆಟ್ಟಿತು ಅಂತ ನನ್ನನ್ನು ಕರೆಯುವವರು ತಿಂಗಳಿಗೆ ಇಬ್ಬರಾದರೂ ಇರುತ್ತಾರೆ.

ಬಸವನಗುಡಿ ತಾತ:

ತಾಯಿ, ನಿಮ್ಮ ಪ್ರಶ್ನೆ ಓದಿ ನನಗೆ ಇಪ್ಪತ್ತು ವರ್ಷದ ಹಿಂದಿನದು ನೆನಪಾಯಿತು. ರಿಯಾಯಿತಿ ನಮ್ಮಲ್ಲಿ ಇರಲೇ ಇಲ್ಲ ಅಂತಲ್ಲ. 2004-05ರ ಹೊತ್ತಿಗೆ ಬೆಸ್ಕಾಂ ಸಿಎಫ್‌ಎಲ್ ಬಲ್ಬುಗಳನ್ನು ಕಂತಿನಲ್ಲಿ ಕೊಡುವ ಯೋಜನೆ ತಂದಿತ್ತು. ಬಲ್ಬ್ ಮೊದಲು ಮನೆಗೆ, ದುಡ್ಡು ಆಮೇಲೆ ಕರೆಂಟ್ ಬಿಲ್ಲಿನ ಜೊತೆ ಸ್ವಲ್ಪ ಸ್ವಲ್ಪ. ಆಗ ಸಿಎಫ್‌ಎಲ್ ಅಂದರೆ ದುಬಾರಿ ಸಾಮಾನು. ನಮ್ಮ ಮನೆಯಲ್ಲಿ ಅದನ್ನು ದೇವರ ಮನೆಗೆ ಹಾಕಿದ್ದರು, ಹಾಳಾಗದಿರಲಿ ಅಂತ. ದೇವರಿಗೆ ದಿನಕ್ಕೆ ಹತ್ತು ನಿಮಿಷ ದೀಪ ಸಾಕು. ಉಳಿತಾಯ ಎಷ್ಟಾಯಿತು ನೀವೇ ಲೆಕ್ಕ ಹಾಕಿ!

ಆಮೇಲೆ 2015ರ ಕೊನೆಗೆ ನಮ್ಮ ರಾಜ್ಯದಲ್ಲಿ "ಹೊಸ ಬೆಳಕು" ಬಂತು. ಕೇಂದ್ರದ ಉಜಾಲಾ ಯೋಜನೆ ಅದೇ ವರ್ಷ ಜನವರಿಯಲ್ಲಿ ಶುರುವಾಗಿತ್ತು. ಉಜಾಲಾ ಬಲ್ಬಿನದ್ದು, ಉಜ್ವಲಾ ಗ್ಯಾಸಿನದ್ದು. ನಮ್ಮ ಬೀದಿಯಲ್ಲಿ ಇವತ್ತಿಗೂ ಇವೆರಡನ್ನು ಕಲಸಿ ಮಾತಾಡುತ್ತಾರೆ. ಕರೆಂಟ್ ಬಿಲ್, ಗುರುತಿನ ಚೀಟಿ ತೋರಿಸಿ 9 ವ್ಯಾಟಿನ ಬಲ್ಬ್ ನೂರು ರೂಪಾಯಿಗೆ ಒಂದರಂತೆ ತಂದೆ. ಅಂಗಡಿಯಲ್ಲಿ ಆಗ ಅದರ ಮೂರು ಪಟ್ಟು ಇತ್ತು.

ಇಲ್ಲಿ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಅದು ಸಬ್ಸಿಡಿ ಆಗಿರಲಿಲ್ಲ. ಸರ್ಕಾರ ಬಲ್ಬಿಗೆ ಕೈಯಿಂದ ದುಡ್ಡು ಹಾಕಲಿಲ್ಲ. ಇಇಎಸ್‌ಎಲ್ ಅನ್ನುವ ಸರ್ಕಾರಿ ಕಂಪನಿ ಒಂದೇ ಸಲಕ್ಕೆ ಕೋಟಿಗಟ್ಟಲೆ ಬಲ್ಬಿಗೆ ಟೆಂಡರ್ ಕರೆಯಿತು. 2014ರಲ್ಲಿ ಒಂದು ಬಲ್ಬಿಗೆ 310 ರೂಪಾಯಿ ಇದ್ದ ಖರೀದಿ ದರ 2016ರ ಹೊತ್ತಿಗೆ 38 ರೂಪಾಯಿಗೆ ಇಳಿಯಿತು. ಒಟ್ಟು 36 ಕೋಟಿಗೂ ಹೆಚ್ಚು ಬಲ್ಬ್ ಹಂಚಿದ್ದಾರೆ. ಇವತ್ತು ನಿಮ್ಮ ಬೀದಿ ಅಂಗಡಿಯಲ್ಲಿ ಎಲ್‌ಇಡಿ ನೂರು ರೂಪಾಯಿ ಒಳಗೆ ಸಿಗುತ್ತಿದ್ದರೆ ಅದು ಆ ಟೆಂಡರಿನ ಕೃಪೆ. ಮದುವೆ ಮನೆಗೆ ತರಕಾರಿ ಕೊಳ್ಳುವವನಿಗೆ ಮಂಡಿಯಲ್ಲಿ ಸಿಗುವ ದರ ಕಾಲು ಕೆಜಿ ಕೊಳ್ಳುವವನಿಗೆ ಸಿಗುತ್ತದೆಯೇ? ಅಷ್ಟೇ ಗುಟ್ಟು.

ಅದೇ ದಾರಿಯಲ್ಲಿ ಫ್ಯಾನಿಗೂ 2023ರ ನವೆಂಬರಿನಲ್ಲಿ ಒಂದು ಕಾರ್ಯಕ್ರಮ ಶುರು ಮಾಡಿದ್ದಾರೆ, ಒಂದು ಕೋಟಿ ಬಿಎಲ್‌ಡಿಸಿ ಫ್ಯಾನ್ ಹಂಚುವ ಗುರಿ. ಇಇಎಸ್‌ಎಲ್ ಮಾರ್ಟ್ ಅಂತ ಅವರದ್ದೇ ಆನ್‌ಲೈನ್ ಅಂಗಡಿ ಇದೆ. ಅಂಗಡಿ ಬೆಲೆ ಜೊತೆ ಹೋಲಿಸಿ ನೋಡಿ. ವಾಟ್ಸಾಪಿನಲ್ಲಿ ಬಂದ ಲಿಂಕಿನಿಂದ ಮಾತ್ರ ಹೋಗಬೇಡಿ, ಹೆಸರು ನೀವೇ ಬರೆದು ಹುಡುಕಿ.

ಸೋಲಾರ್ ಹೀಟರಿನ 50 ರೂಪಾಯಿ ನನಗೆ ವರ್ಷಗಟ್ಟಲೆ ಬಂದಿದೆ. ಹೀಟರಿನ ಬಿಲ್ ಹಿಡಿದು ಉಪವಿಭಾಗದ ಕಚೇರಿಗೆ ಅರ್ಜಿ ಕೊಟ್ಟಿದ್ದೆ. ಒಬ್ಬರು ಬಂದು ಟೆರೇಸ್ ಹತ್ತಿ ನೋಡಿ ಹೋದರು. ಆದರೆ ಆ ಐವತ್ತಕ್ಕಾಗಿ ಇಪ್ಪತ್ತು ಸಾವಿರದ ಹೀಟರ್ ಹಾಕಿಸಬೇಡಿ. 2 ಕಿಲೋವ್ಯಾಟ್ ಗೀಸರ್ ದಿನಾ ಅರ್ಧ ಗಂಟೆ ಹಾಕುವವರಿಗೆ ತಿಂಗಳಿಗೆ 30 ಯೂನಿಟ್ ಹೋಗುತ್ತದೆ. ಹೀಟರ್ ಹಾಕಿಸುವುದಿದ್ದರೆ ಅದಕ್ಕೆ ಹಾಕಿಸಿ. ದಾವಣಗೆರೆ ಬೇಸಿಗೆಯಲ್ಲಿ ಟ್ಯಾಂಕಿನ ನೀರೇ ಸುಡುತ್ತದಲ್ಲ, ಗೀಸರ್ ಯಾಕೆ?

ಕರಾವಳಿ ಹುಡುಗ:

ಒಂದು ಡೌಟು. 178 ಯೂನಿಟ್ ಒಳಗೆ ಇದ್ದರೆ ಹೇಗೂ ಬಿಲ್ ಸೊನ್ನೆ. ಹಾಗಿರುವಾಗ ಮೂರು ಸಾವಿರದ ಫ್ಯಾನ್ ಹಾಕಿ ಉಳಿಸಿದ್ದರಿಂದ ನಿಮ್ಮ ಜೇಬಿಗೆ ಏನು ಬಂತು? ನಮ್ಮ ಮನೆಯಲ್ಲಿ 110 ಯೂನಿಟ್ ಉಚಿತ, ಬಳಸುವುದು 90. ಅಪ್ಪ "ಇರುವ ಫ್ಯಾನ್ ತಿರುಗಲಿ ಬಿಡು" ಅನ್ನುತ್ತಾರೆ. ನನಗೂ ಅದೇ ಸರಿ ಅನಿಸುತ್ತದೆ.

ತುಮಕೂರು ವೈರ್‌ಮನ್:

ನಿಮ್ಮ ಅಪ್ಪನ ಲೆಕ್ಕ ಸರಿ ಇದೆ ತಮ್ಮಾ. ನಿಮ್ಮ ಮನೆಗೆ ಹೊಸ ಫ್ಯಾನ್ ದಂಡದ ಖರ್ಚು. ಫ್ಯಾನ್ ಕೆಟ್ಟ ದಿನ ಬಿಎಲ್‌ಡಿಸಿ ತನ್ನಿ, ಅಲ್ಲಿವರೆಗೆ ಬೇಡ. ಅಕ್ಕನ ಮನೆ ಹಾಗಲ್ಲ, ಅವರು 200ರ ಅಂಚಿನಲ್ಲಿ ನಿಂತಿದ್ದಾರೆ. ಅಂಚಿನಲ್ಲಿ ನಿಂತವರಿಗೇ ಈ ಲೆಕ್ಕ.

ದೆಹಲಿ ಕನ್ನಡಿಗ:

ಮೇಡಂ, ನಿಮ್ಮ ಭಾವ ಹೇಳಿದ್ದು ನಿಜ. ನಾನೇ ಹೋದ ವರ್ಷ ಹಳೇ ಎಸಿ ಕೊಟ್ಟು ಹೊಸದು ತಗೊಂಡೆ, ಒಂದೂವರೆ ಟನ್ನಿನದ್ದು. ಜಾಹೀರಾತಿನಲ್ಲಿ ಶೇ 60ರ ಸುತ್ತಮುತ್ತ ರಿಯಾಯಿತಿ ಅಂತ ಇರುತ್ತದೆ. ಆದರೆ ಅದು ಎಂಆರ್‌ಪಿ ಮೇಲೆ. ಎಂಆರ್‌ಪಿ ಕೊಟ್ಟು ಈ ದೇಶದಲ್ಲಿ ಎಸಿ ಕೊಂಡವರನ್ನು ನಾನು ಕಂಡಿಲ್ಲ. ಆನ್‌ಲೈನ್ ಬೆಲೆಗೆ ಹೋಲಿಸಿದಾಗ ನನಗೆ ಉಳಿದದ್ದು ಮೂರು ಸಾವಿರದಷ್ಟು, ಜೊತೆಗೆ ಹಳೇ ಎಸಿ ಮಾರುವ ತಲೆನೋವು ತಪ್ಪಿತು. ಒಳ್ಳೆಯದೇ. ಆದರೆ ಮುಕ್ಕಾಲು ಬೆಲೆ ಬಿಟ್ಟುಕೊಟ್ಟರು ಅಂತ ತಿಳಿಯಬೇಡಿ.

ಕಂಪನಿಗೆ ಇದರಲ್ಲಿ ಏನು ಲಾಭ ಅಂತ ಕೇಳಬಹುದು. ಇಲ್ಲಿ 2024ರ ಜೂನ್ 19ರಂದು ಬೇಡಿಕೆ 8,656 ಮೆಗಾವ್ಯಾಟ್‌ಗೆ ಹೋಗಿತ್ತು. ಆವರೆಗೆ ಅಷ್ಟು ಹೋದದ್ದೇ ಇಲ್ಲ. ಅದರಲ್ಲಿ ದೊಡ್ಡ ಪಾಲು ಎಸಿಯದ್ದು. ಅಂಥ ದಿನ ಕಂಪನಿ ಕರೆಂಟನ್ನು ದುಬಾರಿಗೆ ಹೊರಗಿನಿಂದ ತರಬೇಕು. ಹಳೇ ಎಸಿ ಒಂದೊಂದು ಹೋದಷ್ಟೂ ಅವರಿಗೆ ಹಗುರ. ಅದಕ್ಕೇ ಹಳೆಯದನ್ನು ಕೊಡಲೇಬೇಕು ಅನ್ನುವುದು. ಇಲ್ಲದಿದ್ದರೆ ಹಳೆಯದು ಅತಿಥಿ ಕೋಣೆಗೆ ಹೋಗಿ ಅಲ್ಲೂ ಓಡುತ್ತದೆ.

ಇನ್ನೊಂದು. ಇಲ್ಲೂ 2019ರಿಂದ 200 ಯೂನಿಟ್‌ವರೆಗೆ ಉಚಿತ. ಆದರೆ 201 ಆದರೆ ಒಮ್ಮೆಲೇ ಪೂರ್ತಿ ಬೀಳುವುದಿಲ್ಲ. 400ರವರೆಗೆ ಅರ್ಧ ರಿಯಾಯಿತಿ, 800 ರೂಪಾಯಿ ಮಿತಿಯಲ್ಲಿ. ನಿಮ್ಮಲ್ಲಿ ಮೆಟ್ಟಿಲೇ ಇಲ್ಲ, ನೇರ ಬಾವಿ.

ಫ್ರಿಡ್ಜ್ ಕೊಳ್ಳುವುದಾದರೆ ನಕ್ಷತ್ರ ಮಾತ್ರ ಎಣಿಸಬೇಡಿ. ಅದೇ ಸ್ಟಿಕರಿನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಸ್ಟಿಕರ್ ಯಾವ ವರ್ಷದ ಲೆಕ್ಕದ್ದು ಅಂತಲೂ ಇರುತ್ತದೆ. ಈ ಸ್ಟಾರ್ ಕೊಡುವ ಕೇಂದ್ರದ ಸಂಸ್ಥೆ ಬಿಇಇಯವರು ಆಗಾಗ ಅಳತೆ ಬಿಗಿ ಮಾಡುತ್ತಾರೆ. ಹಳೇ ಸ್ಟಾಕಿನ ಐದು ಸ್ಟಾರ್ ಈಗಿನ ಲೆಕ್ಕದಲ್ಲಿ ಮೂರಕ್ಕೂ ಇಳಿಯಬಹುದು. ಅಂಗಡಿಯವನು ಇದನ್ನು ತಾನಾಗಿ ಹೇಳುವುದಿಲ್ಲ. ಸೀಲಿಂಗ್ ಫ್ಯಾನಿಗೂ 2023ರ ಜನವರಿಯಿಂದ ಸ್ಟಾರ್ ಸ್ಟಿಕರ್ ಕಡ್ಡಾಯ. ಅಂಟಿಸದೇ ಮಾರಿದರೆ ಕೊಳ್ಳಬೇಡಿ.

ಬೆಣ್ಣೆದೋಸೆ ಊರಿನವಳು:

ಎಲ್ಲರಿಗೂ ಥ್ಯಾಂಕ್ಸ್. ಎರಡು ತಿಂಗಳು ತಡ ಮಾಡಿ ಬರೆಯುತ್ತಿದ್ದೇನೆ, ಆದರೆ ಹೇಳಲು ಸರಕು ಇದೆ.

ವೈರ್‌ಮನ್ ಅವರು ಹೇಳಿದ ಹಾಗೆ ಮೀಟರ್ ದೀಪ ಎಣಿಸಿದೆವು. ನಮ್ಮದು 3200. ನಾನು ಮೀಟರ್ ಮುಂದೆ ಸ್ಟೂಲ್ ಹಾಕಿ ಕೂತಿದ್ದೆ, ಮಗ ಫೋನಿನಲ್ಲಿ ಸಮಯ ನೋಡುತ್ತಿದ್ದ. ಪೋಸ್ಟ್‌ಮ್ಯಾನ್ ಬಂದು "ಏನ್ರೀ ಮೀಟರ್ ಪೂಜೆನಾ" ಅಂದ. ಹಾಲಿನ ಫ್ಯಾನ್ ಹತ್ತು ನಿಮಿಷಕ್ಕೆ 41. ಅಂದರೆ 77 ವ್ಯಾಟ್. ಮಗನ ರೂಮಿನದ್ದು 39. ಸರಿ, ನಿರೀಕ್ಷೆ ಇದ್ದದ್ದೇ.

ನಿರೀಕ್ಷೆ ಇಲ್ಲದ್ದು ಫ್ರಿಡ್ಜ್. ಅದರ ಗುಂಯ್ ಅನ್ನೋ ಸದ್ದು ನಿಲ್ಲೋದೇ ಅಪರೂಪ ಅಂತ ಕೂತು ನೋಡಿದಾಗ ಗೊತ್ತಾಯ್ತು. ಹದಿನೇಳು ವರ್ಷ ಜೊತೆಗಿದ್ದ ಸದ್ದು, ಕಿವಿಗೆ ಬೀಳುವುದನ್ನೇ ಬಿಟ್ಟಿತ್ತು. ಮಗ ಅವನ ಗೆಳೆಯನ ಹತ್ತಿರ ಪ್ಲಗ್‌ಗೆ ಹಾಕುವ ಸಣ್ಣ ಅಳತೆ ಮೀಟರ್ ತಂದ. ಒಂದು ದಿನಕ್ಕೆ 2.3 ಯೂನಿಟ್! ತಿಂಗಳಿಗೆ 69. ರಿಪೇರಿಯವನನ್ನು ಕರೆಸಿದೆ. ಅವನು ಜೇಬಿನಿಂದ ಹತ್ತು ರೂಪಾಯಿ ನೋಟು ತೆಗೆದು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆದ. ನೋಟು ಸರಾಗವಾಗಿ ಬಂತು. ಬಾಗಿಲಿನ ರಬ್ಬರ್ ಸಡಿಲ ಆಗಿದೆ, ತಣ್ಣನೆ ಗಾಳಿ ಎಲ್ಲ ಹೊರಗೆ ಹೋಗ್ತಿದೆ ಅಂದ. ಹೊಸ ರಬ್ಬರ್, ಕೂಲಿ ಸೇರಿ 850. ಫ್ರಿಡ್ಜನ್ನು ಗೋಡೆಯಿಂದ ಅರ್ಧ ಅಡಿ ಮುಂದೆ ಎಳೆದು, ಹಿಂದಿನ ಜಾಲರಿಯ ಧೂಳು ಹೊಡೆದ. ಧೂಳಿನ ಜೊತೆ 2019ರಲ್ಲಿ ಕಳೆದುಹೋಗಿದ್ದ ನನ್ನ ಒಂದು ಓಲೆಯೂ ಸಿಕ್ಕಿತು. ಈಗ ಅದೇ ಅಳತೆ ಮೀಟರ್ ದಿನಕ್ಕೆ 1.5 ತೋರಿಸುತ್ತದೆ. ಹೊಸ ಫ್ರಿಡ್ಜ್ ಇನ್ನೂ ಕಡಿಮೆ ತಿನ್ನುತ್ತದೆ, ಗೊತ್ತು. ಆದರೆ 850 ಎಲ್ಲಿ, ಹದಿನೈದು ಸಾವಿರ ಎಲ್ಲಿ.

ಫ್ಯಾನ್ ಒಂದೇ ಕೊಂಡೆ, ಹಾಲಿಗೆ. ಐದು ಸ್ಟಾರ್, ಬಿಎಲ್‌ಡಿಸಿ. ತಾತ ಹೇಳಿದಂತೆ ಎರಡು ಕಡೆ ಬೆಲೆ ನೋಡಿದೆ. ಕೊನೆಗೆ ನಮ್ಮೂರ ಅಂಗಡಿಯಲ್ಲೇ 2,900ಕ್ಕೆ ಕೊಂಡೆ. ಕೆಟ್ಟರೆ ಹೊತ್ತುಕೊಂಡು ಹೋಗಿ ಜಗಳ ಆಡಲು ಒಂದು ಬಾಗಿಲು ಬೇಕಲ್ಲ. ರೆಗ್ಯುಲೇಟರ್ ತೆಗೆಸಿಯೇ ಹಾಕಿಸಿದೆ. ಮತ್ತೆ ಸ್ಟೂಲ್ ಹಾಕಿ ಎಣಿಸಿದೆ: ಹತ್ತು ನಿಮಿಷಕ್ಕೆ 17. 32 ವ್ಯಾಟ್. ಕರೆಂಟ್ ಹೋದಾಗ ಯುಪಿಎಸ್ ಮೊದಲಿಗಿಂತ ಜಾಸ್ತಿ ಹೊತ್ತು ಬರುತ್ತಿದೆ, ಅದನ್ನು ಯಾರೂ ಹೇಳಿರಲಿಲ್ಲ ನೋಡಿ.

ಬಚ್ಚಲಲ್ಲಿ ಇನ್ನೂ 60 ವ್ಯಾಟಿನ ಹಳದಿ ಬಲ್ಬ್ ಇತ್ತು, ಅದನ್ನೂ ತೆಗೆದೆ. ಟಿವಿ ಡಬ್ಬಿಯನ್ನು ರಾತ್ರಿ ಗೋಡೆ ಸ್ವಿಚ್‌ನಲ್ಲೇ ಆರಿಸುತ್ತಿದ್ದೇವೆ. ಒಟ್ಟು ಖರ್ಚು 4,000ದ ಒಳಗೆ. ಮಿಕ್ಕ ದುಡ್ಡು ಮಗನ ರೂಮಿನ ಫ್ಯಾನಿಗೆ ಎತ್ತಿಟ್ಟಿದ್ದೇನೆ, ಬರುವ ಮಾರ್ಚಿಗೆ.

ಬಿಲ್ಲು: ಜೂನಿನಲ್ಲಿ 181, ಜುಲೈನಲ್ಲಿ 152. ಮಳೆ ಬಂದು ಕೂಲರ್ ಒಳಗೆ ಹೋಯಿತು, ಮಗ ಹಾಸ್ಟೆಲಿಗೆ ಹೋದ. ಹಾಗಾಗಿ ಅಷ್ಟೂ ಫ್ಯಾನಿನ ಪುಣ್ಯ ಅಂತ ನಾನು ಹೇಳುವುದಿಲ್ಲ. ಏಪ್ರಿಲ್ ಬರಲಿ, ಆಗ ನೋಡೋಣ.

99 ರೂಪಾಯಿ ವಿಷಯ ಗಂಡನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವೂ ಅದೇ ಲಿಂಕಿಗೆ ಕಟ್ಟಿದ್ದೇನೆ ಅಂದರು.

ಈಗ ಉಳಿದಿರುವ ತಾಪತ್ರಯ ಒಂದೇ. ಹೊಸ ಫ್ಯಾನಿಗೆ ರಿಮೋಟ್. ಗೋಡೆಯಲ್ಲಿ ತಿರುಗಿಸೋ ಗುಂಡಿ ಇಲ್ಲ ಅಂತ ಅತ್ತೆ ಮೊದಲ ವಾರ ಮುನಿಸಿಕೊಂಡಿದ್ದರು. ಎರಡನೇ ವಾರ ಅದರಲ್ಲಿ ಯಾವುದನ್ನು ಒತ್ತಿದರೆ ಏನಾಗುತ್ತದೆ ಅಂತ ಕಲಿತರು. ಈಗ ರಿಮೋಟ್ ಅವರ ಎಲೆಅಡಿಕೆ ಸಂಚಿಯಲ್ಲಿ, ಸುಣ್ಣದ ಡಬ್ಬಿ ಪಕ್ಕದಲ್ಲಿರುತ್ತದೆ. ಫ್ಯಾನ್ ಜಾಸ್ತಿ ಬೇಕು ಅಂದರೆ ಹೋಗಿ ಅವರನ್ನೇ ಕೇಳಬೇಕು.